ಸಿ-ಪೇಸ್ ಸೇವೆಯ ವಿಮರ್ಶೆ: ಕಂಪನಿಯ ಹೆಸರು ಅಳಿಸುತ್ತದೆ, ಸಾಲ ಅಳಿಸುವುದಿಲ್ಲ

ಪ್ರೈವೇಟ್ ಲಿಮಿಟೆಡ್ ಕಂಪನಿಯ ವ್ಯವಹಾರ ನಿಂತುಹೋದ ಮೇಲೆ ಆಡಿಟರ್ ಆಫೀಸಿನಲ್ಲಿ ಮೊದಲು ಕೇಳಿಬರುವ ಸಲಹೆ ‘ಎಸ್‌ಟಿಕೆ-2 ಹಾಕಿ ಮುಗಿಸಿಬಿಡಿ’ ಎಂಬುದು. ಕಂಪನಿಗಳ ರಿಜಿಸ್ಟರಿನಿಂದ ತನ್ನ ಹೆಸರು ತೆಗೆಯಿರಿ ಎಂದು ಕಂಪನಿಯೇ ಹಾಕುವ ಅರ್ಜಿ ಅದು. ಮೊದಲು ಈ ಅರ್ಜಿಗಳನ್ನು ಕೋರಮಂಗಲದ ಕೇಂದ್ರೀಯ ಸದನದಲ್ಲಿರುವ ಆರ್‌ಒಸಿ (ಕಂಪನಿಗಳ ರಿಜಿಸ್ಟ್ರಾರ್) ಕಚೇರಿಯೇ ನೋಡುತ್ತಿತ್ತು. 2023ರ ಮೇ 1ರಿಂದ ದೇಶದ ಎಲ್ಲ ಎಸ್‌ಟಿಕೆ-2 ಅರ್ಜಿಗಳೂ ಹರಿಯಾಣದ ಮಾನೇಸರ್‌ನಲ್ಲಿರುವ ಸಿ-ಪೇಸ್ ಎಂಬ ಒಂದೇ ಕೇಂದ್ರಕ್ಕೆ ಹೋಗುತ್ತಿವೆ. ಕಂಪನಿ ಮುಚ್ಚಲು ಹಿಡಿಯುವ ಸಮಯವನ್ನು ಎರಡು ವರ್ಷದಿಂದ ಆರು ತಿಂಗಳೊಳಕ್ಕೆ ಇಳಿಸಬೇಕೆಂದು 2022ರ ಬಜೆಟ್‌ನಲ್ಲಿ ಘೋಷಿಸಿದ ಯೋಜನೆಯ ಫಲ ಇದು.

ಸೇವೆಯಾಗಿ ಸಿ-ಪೇಸ್ ನಿಜಕ್ಕೂ ಸುಧಾರಣೆ. ಸರ್ಕಾರಿ ಶುಲ್ಕ 10,000 ರೂಪಾಯಿ, ಎಲ್ಲವೂ ಆನ್‌ಲೈನ್, ಕಚೇರಿಗೆ ಅಲೆದಾಟ ಇಲ್ಲ. ಬಾಕಿ ಏನೂ ಇಲ್ಲದ, ಕಾಗದಪತ್ರ ಸರಿಯಾಗಿರುವ ಕಂಪನಿಗೆ ಇದಕ್ಕಿಂತ ಅಗ್ಗದ ಮತ್ತು ಸುಲಭದ ದಾರಿ ಇನ್ನೊಂದಿಲ್ಲ. ತೊಂದರೆ ಆಗುವುದು ಸಾಲ ಉಳಿದಿರುವ ಕಂಪನಿಗಳು ಇದೇ ಬಾಗಿಲಿಗೆ ಬಂದಾಗ. ಕಂಪನಿ ಕಾಯ್ದೆ 2013ರ ಸೆಕ್ಷನ್ 248(2) ‘ಎಲ್ಲ ಹೊಣೆಗಳನ್ನು ತೀರಿಸಿದ ಮೇಲೆ’ ಅರ್ಜಿ ಹಾಕಬಹುದು ಎನ್ನುತ್ತದೆ. ಬಹಳ ಜನ ಆ ಷರತ್ತನ್ನು ಲೆಕ್ಕಪುಸ್ತಕದಲ್ಲಿ ಒಂದು ಎಂಟ್ರಿ ಹಾಕಿ ಪೂರೈಸಬಹುದು ಎಂದುಕೊಂಡಿದ್ದಾರೆ. ಅದರಿಂದ ಆಗುವ ಅನಾಹುತ ದೊಡ್ಡದು. ಹಾಗಾಗಿ ಈ ವಿಮರ್ಶೆಯ ಹೆಚ್ಚಿನ ಭಾಗ ಆ ಷರತ್ತಿನ ಬಗ್ಗೆಯೇ ಇದೆ.

ಎಸ್‌ಟಿಕೆ-3: ಸಹಿ ಹಾಕುವ ಮುನ್ನ ಓದಬೇಕಾದ ಕಾಗದ

ಎಸ್‌ಟಿಕೆ-2ರ ಜೊತೆ ಲಗತ್ತಿಸುವ ಮುಖ್ಯ ಕಾಗದಗಳು ಇವು: ಎಲ್ಲ ಡೈರೆಕ್ಟರುಗಳ ಇಂಡೆಮ್ನಿಟಿ ಬಾಂಡ್ ಎಸ್‌ಟಿಕೆ-3, ಅಫಿಡವಿಟ್ ಎಸ್‌ಟಿಕೆ-4, ಆಸ್ತಿ-ಹೊಣೆಗಳ ಪಟ್ಟಿ ಎಸ್‌ಟಿಕೆ-8, ಶೇರುದಾರರ ವಿಶೇಷ ನಿರ್ಣಯ ಅಥವಾ ಸಂದಾಯವಾದ ಬಂಡವಾಳದ 75% ಹೊಂದಿರುವ ಸದಸ್ಯರ ಒಪ್ಪಿಗೆ, ಬಾಕಿ ಇರುವ ಕೇಸುಗಳ ವಿವರ.

ಇವುಗಳಲ್ಲಿ ಎಸ್‌ಟಿಕೆ-3ನ್ನು ಓದದೆ ಸಹಿ ಹಾಕುವವರೇ ಹೆಚ್ಚು. ಕಂಪನಿಯ ಹೆಸರು ತೆಗೆದ ಮೇಲೆ ಬರುವ ಕಾನೂನುಬದ್ಧ ಕ್ಲೇಮುಗಳನ್ನು, ಈವರೆಗೆ ಗಮನಕ್ಕೆ ಬಾರದ ಹೊಣೆಗಳನ್ನೂ ಸೇರಿಸಿ, ನಾವೇ ತೀರಿಸುತ್ತೇವೆ, ಹೆಸರು ತೆಗೆದದ್ದರಿಂದ ಯಾರಿಗಾದರೂ ನಷ್ಟವಾದರೆ ತುಂಬಿಕೊಡುತ್ತೇವೆ ಎಂದು ಡೈರೆಕ್ಟರುಗಳು ಅದರಲ್ಲಿ ಬರೆದುಕೊಡುತ್ತಾರೆ. ಲಿಮಿಟೆಡ್ ಕಂಪನಿ ಮಾಡಿದ್ದರ ಮುಖ್ಯ ಲಾಭವೇ ಕಂಪನಿಯ ಸಾಲ ಮನೆಯವರೆಗೆ ಬರುವುದಿಲ್ಲ ಎಂಬುದು. ಸಾಲ ಉಳಿಸಿಕೊಂಡು ಎಸ್‌ಟಿಕೆ-3ಕ್ಕೆ ಸಹಿ ಹಾಕಿದವರು ಆ ರಕ್ಷಣೆಯನ್ನು ತಾವಾಗಿಯೇ ಬಿಟ್ಟುಕೊಟ್ಟಂತೆ. ಸಪ್ಲೈಯರ್‌ನ ಬಾಕಿ ಅಲ್ಲಿಯವರೆಗೆ ಕಂಪನಿಯದು ಮಾತ್ರ ಆಗಿತ್ತು. ಬಾಂಡ್‌ಗೆ ಸಹಿ ಬಿದ್ದ ಮೇಲೆ ವಸೂಲಿಗೆ ಬರುವ ವಕೀಲರು ಡೈರೆಕ್ಟರ್ ಕಡೆ ಬೆರಳು ಮಾಡಲು ಒಂದು ಕಾಗದ ಸಿಕ್ಕಂತಾಗುತ್ತದೆ.

ಇದಕ್ಕಿಂತ ಗಂಭೀರವಾದದ್ದು ಸೆಕ್ಷನ್ 251. ಹೊಣೆಯಿಂದ ತಪ್ಪಿಸಿಕೊಳ್ಳಲು ಅಥವಾ ಸಾಲ ಕೊಟ್ಟವರಿಗೆ ಮೋಸ ಮಾಡಲು ಅರ್ಜಿ ಹಾಕಿದ್ದು ಗೊತ್ತಾದರೆ, ಕಂಪನಿಯ ಆಡಳಿತ ನೋಡುತ್ತಿದ್ದವರು ನಷ್ಟಕ್ಕೆ ಒಟ್ಟಾಗಿಯೂ ಒಬ್ಬೊಬ್ಬರಾಗಿಯೂ ಹೊಣೆ. ಜೊತೆಗೆ ಸೆಕ್ಷನ್ 447ರ ವಂಚನೆ ಕೇಸು. ಮೊತ್ತ 10 ಲಕ್ಷ ಅಥವಾ ವಹಿವಾಟಿನ 1%, ಎರಡರಲ್ಲಿ ಕಡಿಮೆ ಯಾವುದೋ ಅಷ್ಟಾದರೂ ಇದ್ದರೆ ಆರು ತಿಂಗಳಿಂದ ಹತ್ತು ವರ್ಷದವರೆಗೆ ಜೈಲು.

ಎಸ್‌ಟಿಕೆ-8ರಲ್ಲಿ ಇದು ಹೇಗೆ ನಡೆಯುತ್ತದೆ ಎಂದು ಹತ್ತಿರದಿಂದ ನೋಡಬಹುದು. ಅರ್ಜಿ ಹಾಕುವ ದಿನಕ್ಕಿಂತ 30 ದಿನ ಮೀರದ ಒಂದು ದಿನಾಂಕಕ್ಕೆ ಆಸ್ತಿ-ಹೊಣೆಗಳ ಪಟ್ಟಿ ತಯಾರಿಸಿ ಸಿಎ ಸರ್ಟಿಫೈ ಮಾಡಬೇಕು. ಹಿಂದಿನ ಬ್ಯಾಲೆನ್ಸ್ ಶೀಟಿನಲ್ಲಿ ‘ಸಂಡ್ರಿ ಕ್ರೆಡಿಟರ್ಸ್ 14 ಲಕ್ಷ’ ಎಂದಿದ್ದದ್ದು ಎಸ್‌ಟಿಕೆ-8ರಲ್ಲಿ ಸೊನ್ನೆ ಆಗಿರುತ್ತದೆ. ನಡುವೆ ಇರುವುದು ‘ರಿಟನ್ ಬ್ಯಾಕ್’ (ಬಾಕಿಯನ್ನು ಲೆಕ್ಕದಿಂದ ತೆಗೆದುಹಾಕಿದೆ) ಎಂಬ ಒಂದೇ ಒಂದು ಜರ್ನಲ್ ಎಂಟ್ರಿ. ಆ ಎಂಟ್ರಿಯ ಹಿಂದೆ ಪ್ರತಿ ಸಪ್ಲೈಯರ್‌ನಿಂದ ‘ಪೂರ್ಣ ಹಾಗೂ ಅಂತಿಮವಾಗಿ ಇಷ್ಟು ಹಣ ಪಡೆದಿದ್ದೇವೆ, ಇನ್ನು ಬಾಕಿ ಇಲ್ಲ’ ಎಂಬ ಪತ್ರ ಇದ್ದರೆ ಸರಿ. ಪತ್ರ ಇಲ್ಲದಿದ್ದರೆ ಆ ಎಂಟ್ರಿ ಸುಳ್ಳು ಹೇಳಿಕೆಯ ಲಿಖಿತ ಸಾಕ್ಷಿ. ಲೆಟರ್‌ಹೆಡ್, ಸೀಲು, ಸಹಿ ಮಾಡಿದವರ ಹೆಸರು-ಹುದ್ದೆ, ಇನ್‌ವಾಯ್ಸ್ ನಂಬರುಗಳು, ಹಣ ಸಂದಾಯದ ಯುಟಿಆರ್ ನಂಬರು ಎಲ್ಲವೂ ಆ ಪತ್ರದಲ್ಲಿ ಇರಲಿ. ವಾಟ್ಸ್ಯಾಪ್‌ನಲ್ಲಿ ‘ಓಕೆ ಸರ್, ಸೆಟ್ಲ್ಡ್’ ಎಂದು ಬಂದ ಮೆಸೇಜು ಮುಂದೆ ಉಪಯೋಗಕ್ಕೆ ಬಂದೀತು ಎಂದು ನಂಬಿ ಕೂರಬೇಡಿ.

ಯಾವ ಸಾಲ ಯಾರ ಮೇಲೆ ಬರುತ್ತದೆ

ಲೆಕ್ಕ ಅರ್ಥವಾಗಲು ಪೀಣ್ಯದ ಒಂದು ಚಿಕ್ಕ ಮಷೀನ್ ಶಾಪ್ ಕಂಪನಿಯನ್ನು ಕಲ್ಪಿಸಿಕೊಳ್ಳಿ. ಬ್ಯಾಂಕಿನ ಕ್ಯಾಶ್ ಕ್ರೆಡಿಟ್ 38 ಲಕ್ಷ, ಸಿಎನ್‌ಸಿ ಯಂತ್ರದ ಟರ್ಮ್ ಲೋನ್ 12 ಲಕ್ಷ, ಸಪ್ಲೈಯರುಗಳಿಗೆ 14 ಲಕ್ಷ, ಜಿಎಸ್‌ಟಿ 3 ಲಕ್ಷ, ಕೆಲಸಗಾರರ ಸಂಬಳ 2 ಲಕ್ಷ, ಪಿಎಫ್ 1 ಲಕ್ಷ, ಡೈರೆಕ್ಟರ್ ತಾನೇ ಕಂಪನಿಗೆ ಹಾಕಿದ ಸಾಲ 20 ಲಕ್ಷ. ಒಟ್ಟು 90 ಲಕ್ಷ. ಕೈಯಲ್ಲಿರುವುದು: ಯಂತ್ರ ಮಾರಿದರೆ 15 ಲಕ್ಷ, ಗಿರಾಕಿಗಳಿಂದ ಬರಬೇಕಾದ 9 ಲಕ್ಷ, ಸ್ಟಾಕು ಮತ್ತು ಸ್ಕ್ರ್ಯಾಪ್ 2 ಲಕ್ಷ. ಒಟ್ಟು 26 ಲಕ್ಷ.

ಮಾಲೀಕರು ಸಾಮಾನ್ಯವಾಗಿ ಯೋಚಿಸುವುದು ಹೀಗೆ: ಯಂತ್ರ ಬ್ಯಾಂಕಿನದು, ಗಿರಾಕಿಗಳಿಂದ ಬರುವ ಹಣ ನಮ್ಮದು, ಅದರಲ್ಲಿ ಸಪ್ಲೈಯರಿಗೆ ಕೊಟ್ಟು ಮರ್ಯಾದೆ ಉಳಿಸಿಕೊಳ್ಳೋಣ. ಕ್ಯಾಶ್ ಕ್ರೆಡಿಟ್ ಪತ್ರಗಳನ್ನು ತೆಗೆದು ನೋಡಿದರೆ ಸ್ಟಾಕು ಮತ್ತು ಬರಬೇಕಾದ ಬಾಕಿ ಎರಡೂ ಬ್ಯಾಂಕಿಗೆ ಹೈಪಾಥಿಕೇಟ್ (ಕಂಪನಿಯ ಕೈಯಲ್ಲೇ ಇದ್ದು ಸಾಲಕ್ಕೆ ಅಡವು) ಆಗಿರುತ್ತವೆ. ಹಾಗಾಗಿ ಇಡೀ 26 ಲಕ್ಷದ ಮೇಲೂ ಬ್ಯಾಂಕಿನ ಹಕ್ಕಿದೆ. ಬ್ಯಾಂಕಿಗೆ ಹೇಳದೆ ಸ್ಟಾಕು ಮಾರಿ ಬೇರೆ ಖಾತೆಗೆ ಹಣ ಹಾಕಿಸಿದರೆ ಸಾಲದ ಬಾಕಿಗೆ ನಂಬಿಕೆದ್ರೋಹದ ಆರೋಪವೂ ಸೇರಿಕೊಳ್ಳಬಹುದು. ಮೊದಲು ಬ್ಯಾಂಕಿಗೆ ಬರೆದು, ಒಪ್ಪಿಗೆ ಪಡೆದು, ಮಾರಿದ ಹಣವನ್ನು ಲೋನ್ ಖಾತೆಗೇ ಹಾಕಿಸುವುದು ಸರಿಯಾದ ಕ್ರಮ.

ಬ್ಯಾಂಕಿನ 50 ಲಕ್ಷದಲ್ಲಿ 26 ಹೋದರೆ 24 ಲಕ್ಷ ಉಳಿಯಿತು. ಚಿಕ್ಕ ಕಂಪನಿಗೆ ಸಾಲ ಕೊಡುವಾಗ ಡೈರೆಕ್ಟರುಗಳ ವೈಯಕ್ತಿಕ ಜಾಮೀನು ತೆಗೆದುಕೊಳ್ಳದ ಬ್ಯಾಂಕು ಸಿಗುವುದು ಕಷ್ಟ. 1872ರ ಕರಾರು ಕಾಯ್ದೆಯ ಸೆಕ್ಷನ್ 128ರ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನಷ್ಟೇ. ಕಂಪನಿಯನ್ನು ಮೊದಲು ಹಿಡಿಯಿರಿ, ಆಮೇಲೆ ನನ್ನ ಹತ್ತಿರ ಬನ್ನಿ ಎಂದು ಬ್ಯಾಂಕಿಗೆ ಹೇಳುವಂತಿಲ್ಲ. ಡೈರೆಕ್ಟರ್ ಹುದ್ದೆಗೆ ರಾಜೀನಾಮೆ ಕೊಟ್ಟು ಡಿಐಆರ್-12 ಫೈಲ್ ಮಾಡಿದರೂ ಜಾಮೀನು ಹೋಗುವುದಿಲ್ಲ. ಅದಕ್ಕೆ ಬ್ಯಾಂಕಿನಿಂದಲೇ ಲಿಖಿತ ಬಿಡುಗಡೆ ಪತ್ರ ಬೇಕು. 2019ರ ಡಿಸೆಂಬರ್ 1ರಿಂದ ಕಂಪನಿ ಸಾಲದ ಜಾಮೀನುದಾರರನ್ನು ದಿವಾಳಿ ಸಂಹಿತೆಯಡಿ ಎನ್‌ಸಿಎಲ್‌ಟಿಗೆ (ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ) ಎಳೆಯುವ ಅವಕಾಶವೂ ಬ್ಯಾಂಕಿಗಿದೆ. 2021ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ.

ಇಲ್ಲಿ ಚಿಕ್ಕ ಉದ್ಯಮಗಳ ಸಾಲಕ್ಕೆ ಗ್ಯಾರಂಟಿ ಕೊಡುವ ಸಿಜಿಟಿಎಂಎಸ್‌ಇ ಟ್ರಸ್ಟ್ ಬಗ್ಗೆ ಒಂದು ಮಾತು ಹೇಳಲೇಬೇಕು. ‘ನಮ್ಮ ಸಾಲಕ್ಕೆ ಸರ್ಕಾರದ ಗ್ಯಾರಂಟಿ ಇದೆ, ಕಂಪನಿ ಮುಳುಗಿದರೆ ಸರ್ಕಾರ ಕಟ್ಟುತ್ತದೆ’ ಎಂಬ ನಂಬಿಕೆ ತುಂಬಾ ವ್ಯಾಪಕ. ಆ ಗ್ಯಾರಂಟಿ ಇರುವುದು ಬ್ಯಾಂಕಿನ ನಷ್ಟಕ್ಕೆ. ಪ್ರತಿ ವರ್ಷ ಶುಲ್ಕ ಕಟ್ಟಿದವರು ನೀವೇ ಆಗಿದ್ದರೂ, ಕ್ಲೇಮ್ ಹಣ ಬ್ಯಾಂಕಿಗೆ ಸೇರಿದ ಮೇಲೂ ನಿಮ್ಮ ಬಾಕಿ ಬಾಕಿಯಾಗಿಯೇ ಉಳಿಯುತ್ತದೆ, ವಸೂಲಿ ಮುಂದುವರಿಯುತ್ತದೆ.

ಸಪ್ಲೈಯರುಗಳ 14 ಲಕ್ಷದ ಕಥೆ ಬೇರೆ. ಚೆಕ್ ಕೊಟ್ಟಿಲ್ಲ, ವೈಯಕ್ತಿಕವಾಗಿ ಬರೆದುಕೊಟ್ಟಿಲ್ಲ ಎಂದಾದರೆ ಅದು ಕಂಪನಿಯ ಸಾಲ ಮಾತ್ರ. ಚೆಕ್ ಕೊಟ್ಟಿದ್ದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಸೆಕ್ಷನ್ 138 ಬರುತ್ತದೆ: ಬೌನ್ಸ್ ಆದ ಮಾಹಿತಿ ಬಂದ 30 ದಿನದೊಳಗೆ ನೋಟಿಸ್, ಅದು ತಲುಪಿದ 15 ದಿನದೊಳಗೆ ಹಣ ಕಟ್ಟಬೇಕು, ಕಟ್ಟದಿದ್ದರೆ ನಂತರದ ಒಂದು ತಿಂಗಳೊಳಗೆ ದೂರು. ಸಹಿ ಮಾಡಿದ ಡೈರೆಕ್ಟರ್ ಸೆಕ್ಷನ್ 141ರಡಿ ಖುದ್ದು ಆರೋಪಿ. ಎರಡು ವರ್ಷದವರೆಗೆ ಜೈಲು ಅಥವಾ ಚೆಕ್ ಮೊತ್ತದ ಎರಡರಷ್ಟು ದಂಡ ಅಥವಾ ಎರಡೂ. ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋದರೂ ಡೈರೆಕ್ಟರ್ ಮೇಲಿನ 138 ಕೇಸು ನಿಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. ವ್ಯವಹಾರ ಕುಸಿಯುತ್ತಿರುವಾಗ ಸಪ್ಲೈಯರ್ ಸಮಾಧಾನಕ್ಕೆಂದು ಮುಂದಿನ ದಿನಾಂಕದ ಚೆಕ್ ಬರೆದುಕೊಡುವುದು ಕಂಪನಿಯ ಸಾಲವನ್ನು ತಲೆ ಮೇಲೆ ಎಳೆದುಕೊಳ್ಳುವ ಕೆಲಸ.

ಪಿಎಫ್‌ನಲ್ಲಿ ಎರಡು ಪಾಲಿದೆ. ಕೆಲಸಗಾರರ ಸಂಬಳದಿಂದ 12% ಕಡಿದು ಕಟ್ಟದೆ ಇದ್ದರೆ ಅದನ್ನು ಕಾನೂನು ನಂಬಿಕೆದ್ರೋಹದ ಅಪರಾಧವೆಂದೇ ನೋಡುತ್ತದೆ. 26 ಲಕ್ಷದಲ್ಲಿ ಒಂದು ರೂಪಾಯಿಯನ್ನೂ ಇನ್ನೊಬ್ಬರಿಗೆ ಕೊಡುವ ಮೊದಲು ಬ್ಯಾಂಕಿನ ಮುಂದೆ ಇಡಬೇಕಾದ ಮಾತು ಪಿಎಫ್ ಮತ್ತು ಸಂಬಳದ 3 ಲಕ್ಷದ್ದು. ಪಿಎಫ್ ಬಾಕಿಗೆ ಆಸ್ತಿಯ ಮೇಲೆ ಮೊದಲ ಹಕ್ಕಿದೆ ಎಂಬುದು ಬ್ಯಾಂಕಿಗೂ ಗೊತ್ತು. ಕೆಲಸ ಕಳೆದುಕೊಳ್ಳುವವರಿಗೆ ಕೊನೆಯ ಸಂಬಳವಾದರೂ ಸಿಗಲಿ ಎಂಬುದು ನ್ಯಾಯದ ಮಾತೂ ಹೌದು.

ಜಿಎಸ್‌ಟಿ ಬಾಕಿ ಕಂಪನಿಯಿಂದ ವಸೂಲಾಗದಿದ್ದರೆ ಸಿಜಿಎಸ್‌ಟಿ ಕಾಯ್ದೆಯ ಸೆಕ್ಷನ್ 89ರಡಿ ಆ ಅವಧಿಯ ಡೈರೆಕ್ಟರುಗಳೇ ಹೊಣೆ. ತಮ್ಮ ಗಂಭೀರ ನಿರ್ಲಕ್ಷ್ಯ, ಅಕ್ರಮ ಅಥವಾ ಕರ್ತವ್ಯಲೋಪದಿಂದ ಬಾಕಿ ಉಳಿದಿಲ್ಲ ಎಂದು ಸಾಬೀತು ಮಾಡುವ ಭಾರವೂ ಅವರದೇ. ಆದಾಯ ತೆರಿಗೆಗೂ ಇದೇ ನಿಯಮವನ್ನು 1961ರ ಕಾಯ್ದೆಯ ಸೆಕ್ಷನ್ 179 ಇಟ್ಟಿತ್ತು. ಹಾಗಾಗಿ ಬೋರ್ಡ್ ಮೀಟಿಂಗ್ ನಡಾವಳಿಯಲ್ಲಿ ಯಾವ ಗಿರಾಕಿ ಎಷ್ಟು ಬಾಕಿ ಇಟ್ಟ, ಯಾವ ತಿಂಗಳು ಖಾತೆ ಖಾಲಿಯಾಯಿತು, ತೆರಿಗೆ ಕಟ್ಟಲು ಏನು ಪ್ರಯತ್ನ ನಡೆಯಿತು ಎಂಬುದನ್ನು ಆಯಾ ಹೊತ್ತಿನಲ್ಲೇ ಬರೆದಿಡಬೇಕು. ನೋಟಿಸ್ ಬಂದ ಮೇಲೆ ಬರೆದ ನಡಾವಳಿಗೆ ಬೆಲೆ ಇಲ್ಲ.

ಕೊನೆಯದು ಡೈರೆಕ್ಟರ್ ಹಾಕಿದ 20 ಲಕ್ಷ. ಕಂಪನಿ ಮುಚ್ಚುವ ಸುಳಿವು ಸಿಕ್ಕಿದ ಕೂಡಲೇ ಮನೆಯವರ ಸಾಲ ಮೊದಲು ವಾಪಸ್ ತೆಗೆದುಕೊಳ್ಳುವ ಆಸೆ ಸಹಜ. ಕಂಪನಿ ಮುಂದೆ ದಿವಾಳಿ ಪ್ರಕ್ರಿಯೆಗೆ ಹೋದರೆ ಸಂಬಂಧಿಕರಿಗೆ ಹಿಂದಿನ ಎರಡು ವರ್ಷ, ಬೇರೆಯವರಿಗೆ ಒಂದು ವರ್ಷದಲ್ಲಿ ಪಕ್ಷಪಾತದಿಂದ ಕೊಟ್ಟ ಹಣವನ್ನು ದಿವಾಳಿ ಸಂಹಿತೆಯ ಸೆಕ್ಷನ್ 43ರಡಿ ವಾಪಸ್ ತರಿಸಬಹುದು. ಎಸ್‌ಟಿಕೆ-8ರಲ್ಲಿ ಈ 20 ಲಕ್ಷ ಇಲ್ಲವಾಗಬೇಕಾದರೆ ಡೈರೆಕ್ಟರ್ ಲಿಖಿತವಾಗಿ ಮನ್ನಾ ಮಾಡಬೇಕು ಅಥವಾ ಅದನ್ನು ಶೇರಿಗೆ ಪರಿವರ್ತಿಸಿ ಪಿಎಎಸ್-3 ಫೈಲ್ ಮಾಡಬೇಕು. 2023ರ ಹಣಕಾಸು ಕಾಯ್ದೆಯ ನಂತರ ವ್ಯವಹಾರದಿಂದ ಸಿಕ್ಕ ಪ್ರಯೋಜನ (ಸಾಲ ಮನ್ನಾದಂಥದ್ದು) ನಗದು ರೂಪದಲ್ಲಿದ್ದರೂ ಆದಾಯವೆಂದು ತೆರಿಗೆ ಹಾಕಬಹುದು. ಆದ್ದರಿಂದ ಮನ್ನಾ ಪತ್ರ ಬರೆಯುವ ಮೊದಲು ಕಂಪನಿಯ ಹಳೆಯ ನಷ್ಟ ಎಷ್ಟಿದೆ, ಅದರಲ್ಲಿ ಇದು ಮುಚ್ಚಿಹೋಗುತ್ತದೆಯೇ ಎಂದು ಸಿಎ ಹತ್ತಿರ ಲೆಕ್ಕ ಹಾಕಿಸಿ.

ಬ್ಯಾಂಕಿನ ಜೊತೆ ಓಟಿಎಸ್

ಉಳಿದ 24 ಲಕ್ಷಕ್ಕೆ ಮಾತುಕತೆಯೇ ದಾರಿ: ಬ್ಯಾಂಕು ಒಪ್ಪಿದ ಮೊತ್ತ ಕಟ್ಟಿ ಸಾಲ ಇತ್ಯರ್ಥ ಮಾಡಿಕೊಳ್ಳುವ ಓಟಿಎಸ್ (ಒನ್ ಟೈಮ್ ಸೆಟ್ಲ್‌ಮೆಂಟ್). ಕಂತು ನಿಂತು 90 ದಿನ ಕಳೆದರೆ ಖಾತೆ ಎನ್‌ಪಿಎ. ಆಮೇಲೆ ಅಡವಿನ ಆಸ್ತಿಯನ್ನು ಬ್ಯಾಂಕೇ ವಶಪಡಿಸಿಕೊಳ್ಳಲು ಅಧಿಕಾರ ಕೊಡುವ ಸರ್ಫೇಸಿ ಕಾಯ್ದೆಯ ಸೆಕ್ಷನ್ 13(2)ರ 60 ದಿನಗಳ ನೋಟಿಸ್ ಬರುತ್ತದೆ. ಅದಕ್ಕೆ ಉತ್ತರ ಕೊಟ್ಟರೆ ಬ್ಯಾಂಕು 15 ದಿನದೊಳಗೆ ಮರು ಉತ್ತರ ಕೊಡಲೇಬೇಕು. ಸುಮ್ಮನಿದ್ದು 13(4)ರಡಿ ಸ್ವಾಧೀನದ ಹಂತಕ್ಕೆ ಬಂದರೆ ಡಿಆರ್‌ಟಿಗೆ (ಸಾಲ ವಸೂಲಾತಿ ನ್ಯಾಯಮಂಡಳಿ) ಹೋಗಲು 45 ದಿನ. ಕೃಷಿ ಭೂಮಿ ಅಡವಿಟ್ಟಿದ್ದರೆ ಸರ್ಫೇಸಿ ಅದಕ್ಕೆ ಅನ್ವಯಿಸುವುದಿಲ್ಲ. ಹಾಗೆಂದು ಬಾಕಿ 20 ಲಕ್ಷ ಅಥವಾ ಹೆಚ್ಚಿದ್ದರೆ ಬ್ಯಾಂಕು ಡಿಆರ್‌ಟಿ ಮೂಲಕ ಬರುವುದನ್ನು ಅದು ತಡೆಯುವುದಿಲ್ಲ.

ಓಟಿಎಸ್ ಮಂಜೂರಾತಿ ಪತ್ರ ಕೈಗೆ ಬಂದಾಗ ಮೊತ್ತಕ್ಕಿಂತ ಷರತ್ತುಗಳನ್ನು ಹೆಚ್ಚು ಗಮನಿಸಿ. ಕಂಪನಿಯ ಹೆಸರಿನ ಜೊತೆ ಪ್ರತಿಯೊಬ್ಬ ಜಾಮೀನುದಾರನ ಹೆಸರೂ ಇರಬೇಕು. ಒಂದು ಕಂತು ತಪ್ಪಿದರೆ ಇಡೀ ಬಾಕಿ ಮತ್ತೆ ಜೀವ ಪಡೆಯುತ್ತದೆ ಎಂಬ ಸಾಲು ಬಹುತೇಕ ಇದ್ದೇ ಇರುತ್ತದೆ. ಹಾಗಾಗಿ ಕೈಯಲ್ಲಿ ಹಣದ ಮೂಲ ಖಚಿತವಾಗದೆ ದಿನಾಂಕ ಒಪ್ಪಿಕೊಳ್ಳಬೇಡಿ. ಹಣ ಕಟ್ಟಿದ ಮೇಲೆ ಬರಬೇಕಾದವು: ನೋ ಡ್ಯೂಸ್ ಪತ್ರ, ಬಳಸದ ಚೆಕ್ಕುಗಳು, ಆಸ್ತಿಯ ಮೂಲ ಪತ್ರಗಳು, ಹೂಡಿರುವ ಕೇಸು ವಾಪಸ್ ತೆಗೆದುಕೊಂಡ ದಾಖಲೆ. ಕ್ರಯಪತ್ರ ಠೇವಣಿ ಇಟ್ಟು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿದ್ದರೆ ಅದರ ಬಿಡುಗಡೆಯೂ ನೋಂದಣಿ ಆಗಬೇಕು. ಆಮೇಲೆ ಕಾವೇರಿ 2.0ರಲ್ಲಿ ಇಸಿ ತೆಗೆಸಿ ಋಣಭಾರ ಹೋಗಿದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ಸಿಬಿಲ್ ವರದಿಯಲ್ಲಿ ಈ ಖಾತೆ ‘ಕ್ಲೋಸ್ಡ್’ ಎಂದಲ್ಲ, ‘ಸೆಟ್ಲ್ಡ್’ ಎಂದು ಕಾಣುತ್ತದೆ. ಜಾಮೀನುದಾರನ ಮುಂದಿನ ಮನೆ ಸಾಲಕ್ಕೆ ಅದು ಅಡ್ಡಿಯಾಗಬಹುದು.

ಅರ್ಜಿ ಎಲ್ಲಿ ಸಿಕ್ಕಿಬೀಳುತ್ತದೆ

ಸಾಲಗಳು ತೀರಿದವು ಎಂದಿಟ್ಟುಕೊಳ್ಳೋಣ. ಈಗ ಸಿ-ಪೇಸ್ ಬಾಗಿಲಲ್ಲಿ ಮೊದಲ ತೊಡಕು ಬ್ಯಾಂಕ್ ಚಾರ್ಜ್, ಅಂದರೆ ಸಾಲಕ್ಕಾಗಿ ಕಂಪನಿಯ ಆಸ್ತಿಯ ಮೇಲೆ ನೋಂದಾಯಿಸಿದ ಬ್ಯಾಂಕಿನ ಹಕ್ಕು. ಸಾಲ ತೀರಿದರೂ ಎಂಸಿಎ (ಕಂಪನಿ ವ್ಯವಹಾರಗಳ ಸಚಿವಾಲಯ) ಪೋರ್ಟಲ್‌ನ ಚಾರ್ಜ್ ಪಟ್ಟಿಯಲ್ಲಿ ಅದು ‘ಓಪನ್’ ಎಂದೇ ಇದ್ದರೆ ಕಂಪನಿ ಎಸ್‌ಟಿಕೆ-2 ಹಾಕಲು ಅರ್ಹವಲ್ಲ. ಯಾವಾಗಲೋ ತೀರಿಸಿದ ಕಾರ್ ಲೋನ್ ಕೂಡ ಇಲ್ಲಿ ಕಾಲು ಹಿಡಿಯುತ್ತದೆ. ಸಾಲ ತೀರಿದ 30 ದಿನದೊಳಗೆ ಚಾರ್ಜ್ ತೀರಿದೆ ಎಂದು ತಿಳಿಸುವ ಸಿಎಚ್‌ಜಿ-4 ಫಾರಂ ಹಾಕಬೇಕು. ಹೆಚ್ಚುವರಿ ಶುಲ್ಕದೊಂದಿಗೆ 300 ದಿನದವರೆಗೆ ಅವಕಾಶ. ಅದೂ ಮೀರಿದರೆ ರೀಜನಲ್ ಡೈರೆಕ್ಟರ್ ಬಳಿ ತಡ ಮನ್ನಿಸಲು ಅರ್ಜಿ. ಕಂಪನಿ ಮುಚ್ಚುವ ಯೋಚನೆ ಬಂದ ದಿನವೇ ಚಾರ್ಜ್ ಪಟ್ಟಿ ತೆಗೆದು ನೋಡುವುದು ಒಳ್ಳೆಯದು.

ಎರಡನೆಯದು ಹಳೆಯ ರಿಟರ್ನ್‌ಗಳು. ವ್ಯವಹಾರ ನಿಂತ ಹಣಕಾಸು ವರ್ಷದವರೆಗಿನ ಎಒಸಿ-4 (ಲೆಕ್ಕಪತ್ರದ ಫಾರಂ) ಮತ್ತು ವಾರ್ಷಿಕ ರಿಟರ್ನ್ ಫೈಲ್ ಆಗಿರಲೇಬೇಕು. ತಡವಾದರೆ ಪ್ರತಿ ಫಾರಂಗೆ ದಿನಕ್ಕೆ 100 ರೂಪಾಯಿ, ಮಿತಿಯೇ ಇಲ್ಲ. ಒಂದು ವರ್ಷ ತಡವಾದರೆ ಎರಡು ಫಾರಂಗೆ 73,000. ಎರಡು ವರ್ಷದ ಫೈಲಿಂಗ್ ಬಾಕಿ ಇದ್ದು, ಹಳೆಯದು ಎರಡು ವರ್ಷ, ಹೊಸದು ಒಂದು ವರ್ಷ ತಡವಾಗಿದ್ದರೆ 2,19,000 ರೂಪಾಯಿ. ದಿವಾಳಿಯಾದ ಕಂಪನಿಯ ಕೊನೆಯ ಹಣ ಸಪ್ಲೈಯರಿಗೆ ಹೋಗುವ ಬದಲು ಹೀಗೆ ಲೇಟ್ ಫೀಗೆ ಹೋಗುವುದು ಈ ವ್ಯವಸ್ಥೆಯ ದೊಡ್ಡ ದೋಷ. 10,000 ರೂಪಾಯಿಯ ಸೇವೆ ಎಂದು ಹೇಳುವಾಗ ಈ ಲೆಕ್ಕವನ್ನೂ ಹೇಳಬೇಕು. ಮೂರು ವರ್ಷ ಸತತವಾಗಿ ಫೈಲ್ ಮಾಡದಿದ್ದರೆ ಸೆಕ್ಷನ್ 164(2)ರಡಿ ಡೈರೆಕ್ಟರುಗಳು ಐದು ವರ್ಷ ಅನರ್ಹ. 2017ರಲ್ಲಿ 2 ಲಕ್ಷಕ್ಕೂ ಹೆಚ್ಚು ಕಂಪನಿಗಳ ಹೆಸರು ತೆಗೆದಾಗ ಎಷ್ಟೋ ಜನ ತಮ್ಮ ಇನ್ನೊಂದು ಚೆನ್ನಾಗಿ ನಡೆಯುತ್ತಿದ್ದ ಕಂಪನಿಯಲ್ಲೂ ಸ್ಥಾನ ಕಳೆದುಕೊಂಡರು.

ವ್ಯವಹಾರ ನಿಂತ ದಿನಾಂಕ ಎಂದು ಅರ್ಜಿಯಲ್ಲಿ ಬರೆಯುವುದಕ್ಕೂ ಬ್ಯಾಂಕ್ ಸ್ಟೇಟ್‌ಮೆಂಟಿಗೂ ತಾಳೆಯಾಗಬೇಕು. ಆ ದಿನಾಂಕದ ನಂತರ ಗಿರಾಕಿಯಿಂದ ಹಣ ಜಮೆಯಾಗಿದ್ದರೆ ಅದು ಹಳೆಯ ಬಿಲ್ಲಿನದು ಎಂದು ತೋರಿಸಲು ಇನ್‌ವಾಯ್ಸ್ ಸಿದ್ಧವಿರಲಿ. ಅರ್ಜಿಗೆ ಹಿಂದಿನ ಮೂರು ತಿಂಗಳಲ್ಲಿ ಕಂಪನಿಯ ಹೆಸರು ಬದಲಿಸಿದ್ದರೆ ಅಥವಾ ನೋಂದಾಯಿತ ಕಚೇರಿಯನ್ನು ಬೇರೆ ರಾಜ್ಯಕ್ಕೆ ಸಾಗಿಸಿದ್ದರೆ ಅರ್ಜಿ ಹಾಕುವಂತಿಲ್ಲ.

ಬ್ಯಾಂಕ್ ಖಾತೆಯನ್ನು ಅವಸರದಲ್ಲಿ ಮುಚ್ಚಬೇಡಿ. ಟಿಡಿಎಸ್ ರಿಫಂಡ್, ಜಿಎಸ್‌ಟಿ ಕ್ಯಾಶ್ ಲೆಡ್ಜರ್‌ನಲ್ಲಿ ಉಳಿದ ಹಣ, ಬಾಡಿಗೆ ಅಡ್ವಾನ್ಸ್, ವಿದ್ಯುತ್ ಠೇವಣಿ ಎಲ್ಲ ಬಂದ ಮೇಲೆ ಕೊನೆಯ ಹೆಜ್ಜೆಯಾಗಿ ಖಾತೆ ಮುಚ್ಚಿ, ಬ್ಯಾಂಕಿನ ಕ್ಲೋಷರ್ ಪತ್ರ ಪಡೆದು, ಅದಾದ 30 ದಿನದೊಳಗೆ ಎಸ್‌ಟಿಕೆ-8 ಮತ್ತು ಅರ್ಜಿ ಎರಡೂ ಮುಗಿಸಿ. ಖಾತೆ ಮುಚ್ಚಿದ ಮೇಲೆ ಬರುವ ರಿಫಂಡ್ ಯಾರಿಗೂ ಸೇರದೆ ಇಲಾಖೆಗೇ ವಾಪಸ್ ಹೋಗುತ್ತದೆ.

ಜಿಎಸ್‌ಟಿ ರದ್ದತಿಗೆ ಆರ್‌ಇಜಿ-16 ಹಾಕಿದರೆ ಸಾಲದು. ರದ್ದಾದ ದಿನ ಅಥವಾ ರದ್ದತಿ ಆದೇಶದ ದಿನ, ಯಾವುದು ನಂತರದ್ದೋ ಅದರಿಂದ ಮೂರು ತಿಂಗಳೊಳಗೆ ಅಂತಿಮ ರಿಟರ್ನ್ ಜಿಎಸ್‌ಟಿಆರ್-10 ಹಾಕಬೇಕು. ಉಳಿದ ಸ್ಟಾಕಿನ ಮೇಲೆ ಪಡೆದ ಇನ್‌ಪುಟ್ ಕ್ರೆಡಿಟ್ ವಾಪಸ್ ಕಟ್ಟಬೇಕು. ಯಂತ್ರಗಳಿಗೆ 60 ತಿಂಗಳ ಆಯುಷ್ಯವೆಂದು ಹಿಡಿದು ಉಳಿದ ತಿಂಗಳುಗಳ ಪಾಲಿನ ಕ್ರೆಡಿಟ್ ಅಥವಾ ಮಾರಿದ ಬೆಲೆಯ ಮೇಲಿನ ತೆರಿಗೆ, ಯಾವುದು ಹೆಚ್ಚೋ ಅದು. ಯಂತ್ರ ಮಾರಿದ ಹಣವೆಲ್ಲ ಬ್ಯಾಂಕಿಗೆ ಹೋದ ಮೇಲೆ ಈ ತೆರಿಗೆ ನೆನಪಾದರೆ ಕಟ್ಟಲು ಕೈಯಲ್ಲಿ ಏನೂ ಇರುವುದಿಲ್ಲ. ಬ್ಯಾಂಕಿನ ಜೊತೆ ಮಾರಾಟದ ಮಾತಾಡುವಾಗಲೇ ತೆರಿಗೆಯ ಭಾಗವನ್ನು ಹೊರಗಿಡಿಸಿ. ಇದನ್ನು ಕಟ್ಟದೆ ಬಿಟ್ಟರೆ ತೆರಿಗೆ ಇಲಾಖೆಯ ಆಕ್ಷೇಪಣೆ ಬರುವುದು ಇಲ್ಲಿಂದಲೇ: ಎಸ್‌ಟಿಕೆ-6 ನೋಟಿಸ್ ಪ್ರಕಟವಾದ ಮೇಲೆ ಸಾರ್ವಜನಿಕರಿಗೂ ಇಲಾಖೆಗಳಿಗೂ 30 ದಿನಗಳ ಕಾಲಾವಕಾಶ ಇರುತ್ತದೆ.

ಸಿ-ಪೇಸ್ ತಪ್ಪು ಕಂಡರೆ 15 ದಿನದೊಳಗೆ ಸರಿಪಡಿಸಿ ಮತ್ತೆ ಸಲ್ಲಿಸಲು ಹೇಳುತ್ತದೆ. ಮತ್ತೂ ತಪ್ಪಿದ್ದರೆ ಇನ್ನೊಂದು 15 ದಿನ. ಅಷ್ಟರಲ್ಲೂ ಆಗದಿದ್ದರೆ ಅರ್ಜಿ ಅಸಿಂಧು, ಮೊದಲಿಂದ ಶುರು. ಒಬ್ಬ ಡೈರೆಕ್ಟರ್ ಅಮೆರಿಕದಲ್ಲೋ ದುಬೈನಲ್ಲೋ ಇದ್ದರೆ ಈ 15 ದಿನ ಸಾಲದೇ ಹೋಗುವುದು ಮಾಮೂಲು. ಎನ್‌ಆರ್‌ಐಗಳ ಎಸ್‌ಟಿಕೆ-3 ಮತ್ತು 4ಕ್ಕೆ ಆಯಾ ದೇಶದಲ್ಲಿ ನೋಟರಿ, ಅಪಾಸ್ಟಿಲ್ ಅಥವಾ ದೂತಾವಾಸದ ದೃಢೀಕರಣ ಬೇಕು. ಅವರ ಕಾಗದ ಬಂದ ಮೇಲಷ್ಟೇ ಉಳಿದವರ ಬಾಂಡ್‌ಗೆ ದಿನಾಂಕ ಹಾಕಿ. ಎಲ್ಲರ ಡಿಐಎನ್ (ಡೈರೆಕ್ಟರ್ ಗುರುತಿನ ನಂಬರು) ಚಾಲ್ತಿಯಲ್ಲಿದೆಯೇ, ಡಿಎಸ್‌ಸಿ (ಡಿಜಿಟಲ್ ಸಹಿ) ಅವಧಿ ಮುಗಿದಿಲ್ಲವೇ ಎಂಬುದನ್ನೂ ಮೊದಲೇ ನೋಡಿ. ಸಿಎ ಅಥವಾ ಸಿಎಸ್ ಹತ್ತಿರ ಶುಲ್ಕ ಕೇಳುವಾಗ ಬಾಕಿ ರಿಟರ್ನ್, ಸಿಎಚ್‌ಜಿ-4, ಜಿಎಸ್‌ಟಿಆರ್-10, ಮರುಸಲ್ಲಿಕೆ ಇವೆಲ್ಲ ಅದರಲ್ಲಿ ಸೇರಿವೆಯೇ ಎಂದು ಬರವಣಿಗೆಯಲ್ಲಿ ಕೇಳಿ ಪಡೆಯಿರಿ.

ಸಾಲ ತೀರದಿದ್ದರೆ?

ಇಲ್ಲಿಗೆ ಬಂದಾಗ ಚಿಕ್ಕ ಕಂಪನಿಗಳ ಮಟ್ಟಿಗೆ ಕಾನೂನಿನಲ್ಲಿ ದೊಡ್ಡ ಕಂದಕವೇ ಇದೆ. ದಿವಾಳಿ ಸಂಹಿತೆಯ ಸೆಕ್ಷನ್ 59ರ ಸ್ವಯಂ ಲಿಕ್ವಿಡೇಷನ್‌ಗೆ ಎಲ್ಲ ಸಾಲ ತೀರಿಸುವ ಶಕ್ತಿ ಇದೆ ಎಂಬ ಘೋಷಣೆ ಬೇಕು, ಸಾಲ ಕಟ್ಟುವುದರಲ್ಲಿ ತಪ್ಪಿರಬಾರದು. ಸೆಕ್ಷನ್ 10ರಡಿ ಕಂಪನಿಯೇ ಎನ್‌ಸಿಎಲ್‌ಟಿಗೆ ಹೋಗಬಹುದು, ಅರ್ಜಿ ಶುಲ್ಕ 25,000. ಆದರೆ 2020ರ ಮಾರ್ಚ್ 24ರಿಂದ ಕನಿಷ್ಠ ಬಾಕಿ 1 ಕೋಟಿ ಇರಬೇಕು. ನಮ್ಮ 90 ಲಕ್ಷದ ಕಂಪನಿ ಅಲ್ಲಿಗೂ ಹೋಗುವಂತಿಲ್ಲ. 1 ಕೋಟಿ ದಾಟಿದ ಕಂಪನಿಗೂ ಇನ್ಸಾಲ್ವೆನ್ಸಿ ಪ್ರೊಫೆಷನಲ್‌ನ ಕನಿಷ್ಠ ಶುಲ್ಕವೇ ತಿಂಗಳಿಗೆ 1 ಲಕ್ಷ. ಎಂಎಸ್‌ಎಂಇಗಳ ಪ್ರಿ-ಪ್ಯಾಕ್ ಯೋಜನೆ 10 ಲಕ್ಷದ ಬಾಕಿಯಿಂದಲೇ ಸಿಗುತ್ತದೆ, 120 ದಿನದಲ್ಲಿ ಮುಗಿಯಬೇಕು. ಅದು ವ್ಯವಹಾರವನ್ನು ಬದುಕಿಸುವವರಿಗೆ, ಮುಚ್ಚುವವರಿಗಲ್ಲ.

ಉಳಿಯುವುದು ಕಂಪನಿ ಕಾಯ್ದೆಯ ಸೆಕ್ಷನ್ 271(ಎ): ವಿಶೇಷ ನಿರ್ಣಯ ಮಾಡಿ ಕಂಪನಿಯನ್ನು ಮುಚ್ಚಿಕೊಡಿ ಎಂದು ಟ್ರಿಬ್ಯುನಲ್‌ಗೆ ಅರ್ಜಿ. ಆಸ್ತಿಯ ಪುಸ್ತಕ ಬೆಲೆ 1 ಕೋಟಿ ಮೀರದ ಕಂಪನಿಗೆ ಸೆಕ್ಷನ್ 361ರ ಸಂಕ್ಷಿಪ್ತ ವಿಧಾನವೂ ಕಾಯ್ದೆಯಲ್ಲಿದೆ. ಇಲ್ಲಿ ಎಸ್‌ಟಿಕೆ-3ರಂಥ ಬಾಂಡ್ ಬರೆದುಕೊಡಬೇಕಾಗಿಲ್ಲ. ಸಮಯ ಹಿಡಿಯುತ್ತದೆ, ವಕೀಲರ ಖರ್ಚಿದೆ. ಆದರೂ ಜಾಮೀನಿಲ್ಲದ ಸಾಲ ದೊಡ್ಡದಾಗಿದ್ದರೆ ಎಸ್‌ಟಿಕೆ-2ಕ್ಕಿಂತ ಇದೇ ಪ್ರಾಮಾಣಿಕ ದಾರಿ.

ಇನ್ನೊಂದು ದಾರಿ, ಕಂಪನಿಯನ್ನು ಹಾಗೆಯೇ ಉಳಿಸಿಕೊಂಡು ಪ್ರತಿ ವರ್ಷ ರಿಟರ್ನ್ ಹಾಕುತ್ತಾ ಹೋಗುವುದು. ಸಾಮಾನ್ಯ ಬಾಕಿಗೆ ಕಾಲಮಿತಿ ಮೂರು ವರ್ಷ. ಆದರೆ ಅವಧಿ ಮುಗಿಯುವ ಮೊದಲು ಸಾಲ ಒಪ್ಪಿಕೊಂಡು ಸಹಿ ಮಾಡಿದ ಯಾವುದೇ ಕಾಗದ ಆ ಮೂರು ವರ್ಷವನ್ನು ಹೊಸದಾಗಿ ಶುರು ಮಾಡುತ್ತದೆ. ಸಪ್ಲೈಯರ್ ಕಳಿಸುವ ಬ್ಯಾಲೆನ್ಸ್ ಕನ್ಫರ್ಮೇಷನ್, ಬ್ಯಾಂಕಿನ ರಿವೈವಲ್ ಲೆಟರ್ ಎರಡೂ ಅಂಥವೇ. ಡೈರೆಕ್ಟರುಗಳು ಸಹಿ ಮಾಡಿದ ಬ್ಯಾಲೆನ್ಸ್ ಶೀಟಿನಲ್ಲಿ ಸಾಲ ತೋರಿಸಿದ್ದೂ ಒಪ್ಪಿಗೆ ಆಗಬಹುದು ಎಂದು ಸುಪ್ರೀಂ ಕೋರ್ಟ್ 2021ರ ಏಪ್ರಿಲ್‌ನಲ್ಲಿ ಹೇಳಿದೆ. ಹಾಗಂತ ಇರುವ ಸಾಲವನ್ನು ಬ್ಯಾಲೆನ್ಸ್ ಶೀಟಿನಿಂದ ಬಿಡುವಂತಿಲ್ಲ. ವಿವಾದವಿರುವ ಬಾಕಿಯಾದರೆ ಅದನ್ನು ಟಿಪ್ಪಣಿಯಲ್ಲಿ ಸ್ಪಷ್ಟವಾಗಿ ಬರೆಸಿ.

ಹೆಸರು ತೆಗೆದ ಎಸ್‌ಟಿಕೆ-7 ನೋಟಿಸ್ ಗೆಜೆಟ್‌ನಲ್ಲಿ ಬಂದ ಮೇಲೂ ಸೆಕ್ಷನ್ 248(7)ರ ಪ್ರಕಾರ ಡೈರೆಕ್ಟರ್, ಅಧಿಕಾರಿ, ಸದಸ್ಯರ ಹೊಣೆ ಮುಂದುವರಿಯುತ್ತದೆ. ಸಾಲ ಕೊಟ್ಟವರು ಅಥವಾ ಕೆಲಸಗಾರರು ಗೆಜೆಟ್ ಪ್ರಕಟಣೆಯಿಂದ 20 ವರ್ಷದೊಳಗೆ ಕಂಪನಿಯನ್ನು ಮತ್ತೆ ರಿಜಿಸ್ಟರಿಗೆ ಸೇರಿಸಲು ಎನ್‌ಸಿಎಲ್‌ಟಿಯನ್ನು ಕೇಳಬಹುದು. ಲೆಕ್ಕಪುಸ್ತಕಗಳನ್ನು ಎಂಟು ವರ್ಷ ಇಡಬೇಕೆಂದು ಕಾಯ್ದೆ ಹೇಳುತ್ತದೆ. ಸಪ್ಲೈಯರುಗಳ ಸೆಟ್ಲ್‌ಮೆಂಟ್ ಪತ್ರ, ಬ್ಯಾಂಕಿನ ನೋ ಡ್ಯೂಸ್, ಪಿಎಫ್ ಚಲನ್, ಜಿಎಸ್‌ಟಿಆರ್-10ರ ಸ್ವೀಕೃತಿ, ಎಸ್‌ಟಿಕೆ-7 ಪ್ರತಿ ಇಷ್ಟನ್ನು ಆ 20 ವರ್ಷವೂ ಇಡಿ: ಮೂಲ ಪ್ರತಿ ಒಂದು ಕಡೆ, ಸ್ಕ್ಯಾನ್ ಮಾಡಿದ್ದು ಎಲ್ಲ ಡೈರೆಕ್ಟರುಗಳ ಬಳಿ.